ಮಾಲವಿಕಾ ಮಾಡಿಟ್ಟ ಶ್ರುತಿ

ವಿಜಯನಗರದ ಮುನಿರಾಜುವಿನ ಗಿಟಾರ್ ರಿಪೇರಿ ಅಂಗಡಿಗೆ ತುಂಗಾ ಮೇಡಂ ಬರುವುದು ಸೀರೆ ಅಂಗಡಿಗೆ ಬಂದ ಹಾಗೆ: ತಂತಿಗಳನ್ನು ಬುಡದಲ್ಲಿ ಹಿಡಿದಿಡುವ ಹೊಸ ಬ್ರಿಡ್ಜ್‌ಗಳನ್ನು ಇರುವಷ್ಟೂ ತೆಗೆಸುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಒಂದಕ್ಕೂ ಹೂಂ ಎನ್ನುವುದಿಲ್ಲ. ತೀರಿಕೊಂಡ ಮಗಳು ಮಾಲವಿಕಾಳದ್ದು ತುದಿಯಲ್ಲಿ ತಲೆಯಿಲ್ಲದ ಬೇಸ್ ಗಿಟಾರ್; ಅದರ ಬ್ರಿಡ್ಜ್ ತುಕ್ಕು ಹಿಡಿದಿದೆ. ಆ ಜಾತಿಯ ಗಿಟಾರಿಗೆ ಶ್ರುತಿಯ ತಿರುಪುಗಳಿರುವುದೂ ಬ್ರಿಡ್ಜ್‌ನಲ್ಲೇ. ಬದಲಿಸಬೇಕಾದರೆ ತಂತಿ ಸಡಿಲಿಸಲೇಬೇಕು. “ಅವಳೇ ಶ್ರುತಿ ಮಾಡಿಟ್ಟಿದ್ದು ಕಣಪ್ಪಾ, ಮುಂದಿನ ಸಲ ನೋಡೋಣ,” ಎಂದು ಗಿಟಾರನ್ನು ಅಲ್ಲೇ ಬಿಟ್ಟು ಎದುರಿನ ದರ್ಶಿನಿಗೆ ಕಾಫಿಗೆ ಹೋಗುತ್ತಾರೆ. ತಂತಿಯ ಶ್ರುತಿ ದಿನ ಕಳೆದಂತೆ ತಾನಾಗಿಯೇ ಇಳಿಯುತ್ತದೆಂದು ಮುನಿರಾಜು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅವರು ಬರುವಷ್ಟರಲ್ಲಿ, ಈಗೀಗ ತಿರುಗಲೊಲ್ಲದ ತಿರುಪುಗಳನ್ನು ಹಲ್ಲು ಕಚ್ಚಿ ಬಿಗಿ ಮಾಡುತ್ತಾನೆ. ಮರಳಿ ಬಂದವರು ಒಂದು ತಂತಿ ಮೀಟಿ, ಕಣ್ಣು ಮುಚ್ಚಿ, “ನೋಡ್ದ್ಯಾ, ಇನ್ನೂ ಹಾಗೇ ಇದೆ,” ಎನ್ನುತ್ತಾರೆ. “ಹೌದು ಮೇಡಂ,” ಎನ್ನುತ್ತಾನೆ ಮುನಿರಾಜು, ಬೆರಳಿಗಂಟಿದ ತುಕ್ಕನ್ನು ಬೆನ್ನ ಹಿಂದೆ ಒರೆಸಿಕೊಳ್ಳುತ್ತ.