ಅಮಸಿದ್ದಪ್ಪನ ಹಿಂಡು

ಜೀವಮಾನವೆಲ್ಲ ಗಲಗಲಿಯ ಹೊಳೆದಂಡೆಯಲ್ಲಿ ಕುರಿ ಕಾಯ್ದ ಅಮಸಿದ್ದಪ್ಪನಿಗೆ ಎಂಬತ್ತನೆಯ ವಯಸ್ಸಿನಲ್ಲಿ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕುರ್ಚಿ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಕಾಲು ಸೋತ ಮೇಲೆ ತಾನಾಗಿಯೇ ಜಮಖಂಡಿಯ ವೃದ್ಧಾಶ್ರಮ ಸೇರಿದ್ದ. ಹೊತ್ತಿಗೆ ಸರಿಯಾಗಿ ಊಟ, ಗುಳಿಗೆ, ಮೆತ್ತನೆಯ ಹಾಸಿಗೆ; ಸುಳ್ಳು ಯಾಕೆ ಹೇಳಬೇಕು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಅಂಗಳದ ಬಾಗಿಲಿಗೆ ಬೀಗ. ಹಿಂದಿನ ವರ್ಷ ಯಾರೋ ಜಾರಿ ಬಿದ್ದಿದ್ದರಂತೆ. ಅಂದಿನಿಂದ ಹನ್ನೊಂದು ಜನ ಟಿವಿ ಮುಂದೆ ಕೂತದ್ದೇ ಕೂತದ್ದು. ಬಯಲಲ್ಲೇ ಮಲಗಿ ಎದ್ದವನಿಗೆ ಅಂಗಳದ ಬೇವಿನ ಮರವನ್ನು ಕಿಟಕಿಯಿಂದಷ್ಟೇ ನೋಡಬೇಕಾಗಿತ್ತು.

“ಆ ಗಿಡದ ಬುಡಕ ಒಂದೀಟ ಕುಂದರಸ್ರಿ, ಬಾಯಾರ” ಎಂದು ಮೇಲ್ವಿಚಾರಕಿ ವೈಶಾಲಿಯನ್ನು ದಿನಾ ಕಾಡುತ್ತಿದ್ದ.

“ನಿಮ್ಮನ್ನ ಹೊರಗ ಬಿಟ್ರ ಎಲ್ಲಾರೂ ಬರ್ತೀನಂತಾರ್ರೀ ಅಜ್ಜಾರ. ಬಿದ್ರ ಯಾರ್ ಹೊಣಿ? ಮೊದಲ ಎಲ್ಲಾರೂ ಎದ್ದ ನಿಂದರ್ರಿ, ಅವತ್ತ ಬೀಗ ತಗೀತೀನಿ.”

ಅಮಸಿದ್ದಪ್ಪ ಹಠಕ್ಕೆ ಬಿದ್ದ. ಸೊರಗಿ ಕೂತ ಕುರಿಯನ್ನು ಅವನು ಎಂದೂ ಹಾಗೇ ಬಿಟ್ಟವನಲ್ಲ. ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿಯೇ ಬಿಡುತ್ತಿದ್ದ. ಮೊದಲು ತಾನೇ ಕುರ್ಚಿ ಹಿಡಿದು ಎದ್ದ, ಕೂತ, ಮತ್ತೆ ಎದ್ದ. ಎರಡು ತಿಂಗಳಲ್ಲಿ ಕೋಲೂರಿ ಹಜಾರ ಸುತ್ತಿದ. ಆಮೇಲೆ ಉಳಿದವರ ಬೆನ್ನು ಹತ್ತಿದ. ಅವರೋ, ಭಾಗವ್ವನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಬೀಳಗಿಯಲ್ಲಿ ಕಿರಾಣಿ ಅಂಗಡಿ ನಡೆಸಿ ಗಿರಾಕಿಗಳನ್ನೇ ಗದರಿಸಿದ ಹೆಂಗಸು ಅವಳು. ಆಶ್ರಮದಲ್ಲೂ ಅವಳದೇ ಮಾತು. ಎಂಟು ತಿಂಗಳಿಂದ ಅವಳನ್ನು ಇಬ್ಬರು ಎತ್ತಿ ಕೂರಿಸಬೇಕಾಗಿತ್ತು. ಕಾಲಿಗೇನೂ ಆಗಿಲ್ಲ, ಬೀಳುವ ಹೆದರಿಕೆ ಅಷ್ಟೇ ಎಂದಿದ್ದರು ಡಾಕ್ಟರು. ಮುಂದೆ ನಡೆಯುವ ಕುರಿ ಏಳದೆ ಹಿಂಡು ಕದಲುವುದಿಲ್ಲ ಎಂಬುದು ಅಮಸಿದ್ದಪ್ಪನಿಗೆ ಗೊತ್ತಿಲ್ಲದ್ದೇ?

ಒಂದು ಬೆಳಿಗ್ಗೆ ಅವಳನ್ನು ರಮಿಸಿ ರಮಿಸಿ ಸಾಕಾಯಿತು. ಅರವತ್ತು ವರ್ಷದ ರೂಢಿ ಬಾಯಿಂದ ಜಾರಿಬಿಟ್ಟಿತು. ಕುರ್ಚಿಯ ಕಾಲಿಗೆ ಕೋಲು ಬಡಿದು, “ಹುರ್ರ್... ಹೋ! ಏಳ ಬೇ!” ಎಂದ.

ಟಿವಿ ಮುಂದಿನವರೆಲ್ಲ ತಿರುಗಿ ನೋಡಿದರು.

“ಏನಂದಿ? ನಾ ಏನ್ ನಿನ್ನ ಕುರಿ ಏನೋ, ಮುದುಕಾ? ನಿನ್ನ ಬಾಯಾಗ ಮಣ್ಣ ಹಾಕ!”

ಭಾಗವ್ವ ಎರಡೂ ಕೈ ಊರಿ ಎದ್ದೇಬಿಟ್ಟಳು. ಅವನ ಕೋಲು ಕಸಿದು ಮೇಲೆತ್ತಿ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಅಮಸಿದ್ದಪ್ಪ ಗೋಡೆ ಹಿಡಿದು ಹಿಂದೆ ಹಿಂದೆ ಸರಿದ. ಅವನ ಬೆನ್ನು ಅಂಗಳದ ಬಾಗಿಲಿಗೆ ತಾಗಿದಾಗಲೇ ಅವಳಿಗೆ ತಾನು ನಡೆದು ಬಂದದ್ದು ತಿಳಿದದ್ದು.

“ತಪ್ಪಾತ್ರಿ ಭಾಗವ್ವಾರ, ಬೇಕಾದ್ರ ಹೊಡೀರಿ. ಆದ್ರ ಕುಂದರಬ್ಯಾಡ್ರಿ!” ಎಂದ ಅವನ ಕಣ್ಣಲ್ಲಿ ನೀರು ಬಂದಿತ್ತು.

ಎತ್ತಿದ ಕೋಲು ಕೆಳಗಿಳಿಯಿತು. ಭಾಗವ್ವ ನಕ್ಕಳು. ಹಿಂದೆ ಒಂದೊಂದೇ ಕುರ್ಚಿ ಕಿರುಗುಟ್ಟಿತು. ಒಬ್ಬರ ಹೆಗಲು ಒಬ್ಬರು ಹಿಡಿದು ಎಲ್ಲರೂ ಎದ್ದು ನಿಂತಿದ್ದರು. ವೈಶಾಲಿ ಬೀಗ ತೆಗೆದಳು, ಒಬ್ಬೊಬ್ಬರನ್ನೇ ಕೈಹಿಡಿದು ಮೆಟ್ಟಿಲಿಳಿಸಿದಳು. ಅಮಸಿದ್ದಪ್ಪ ಬೇವಿನ ಬುಡದಲ್ಲಿ ಕೂತು, ಕೈತುಂಬ ಮಣ್ಣು ಹಿಡಿದು ಮೂಸಿದ.

ಮರುದಿನ ಬೆಳಿಗ್ಗೆ ಅವನ ಮಂಚದ ಕಾಲಿಗೆ ಟಕ್ಕನೆ ಏನೋ ಬಡಿಯಿತು. ಕಣ್ಣು ಬಿಟ್ಟರೆ ಭಾಗವ್ವ, ಕೈಯಲ್ಲಿ ಅವನದೇ ಕೋಲು.

“ಹುರ್ರ್... ಹೋ! ಏಳೋ ಮುದುಕಾ, ಗಿಡದ ಬುಡಕ ಬಿಸಲ ಬರಾಕತ್ತೈತಿ, ನಡಿ.”