ಶನಿವಾರ ಮಧ್ಯಾಹ್ನದ ಭವಿಷ್ಯ

ನನ್ನ ಗಂಡ ಮನುಷ್ಯರನ್ನು ಓದಬಲ್ಲರು ಎಂದು ಮೂರು ವರ್ಷ ನಂಬಿದ್ದೆ. ಅಂತಿಂಥ ಓದಲ್ಲ. ಟಿವಿಯಲ್ಲಿ ನಾಯಕಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರೆ ಸಾಕು, ಕಡಲೆಕಾಯಿ ಅಗಿಯುತ್ತಲೇ, "ನೋಡ್ತಿರು, ಇವಳು ಹೋಗಲ್ಲ. ವಾಪಸ್ ಬಂದು ಅವನ್ ಹತ್ರಾನೇ ಸಾರಿ ಕೇಳ್ತಾಳೆ," ಎನ್ನುತ್ತಿದ್ದರು. ಅವಳು ವಾಪಸ್ ಬರುತ್ತಿದ್ದಳು. ಸಾರಿಯನ್ನೂ ಕೇಳುತ್ತಿದ್ದಳು. ನಾನು ಬಾಯಿ ಬಿಟ್ಟುಕೊಂಡು ಗಂಡನ ಮುಖ ನೋಡುತ್ತಿದ್ದೆ.

ಅವರ ಬ್ಯಾಂಕು ಅವರನ್ನು ನೈರೋಬಿಗೆ ಕಳಿಸಿದಾಗ ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಎಂಟು ವರ್ಷದಿಂದ ಕೆಮಿಸ್ಟ್ರಿ ಕಲಿಸುತ್ತಿದ್ದೆ. ಕೆಲಸ ಬಿಟ್ಟು, ಮಗಳನ್ನು ಕಟ್ಟಿಕೊಂಡು ಅಲ್ಲಿನ ಲ್ಯಾವಿಂಗ್ಟನ್ ಬಡಾವಣೆಯ ಈ ಫ್ಲ್ಯಾಟಿಗೆ ಬಂದೆ. ನನ್ನದು ಡಿಪೆಂಡೆಂಟ್ ಪಾಸ್. ಅದರ ಮೇಲೆ ಈ ದೇಶದಲ್ಲಿ ಇರಬಹುದು, ಅಡುಗೆ ಮಾಡಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ದುಡಿಯಬೇಕಾದರೆ ಕೆಲಸ ಕೊಡುವವರೇ ಪರ್ಮಿಟ್ಟಿಗೆ ಓಡಾಡಬೇಕು. ಅಷ್ಟು ಓಡಾಡಲು ಯಾರಿಗೆ ಹುಚ್ಚು?

ಹಾಗಾಗಿ ವಾರಕ್ಕೊಂದು ಹಬ್ಬ ಅಂತ ನನಗಿದ್ದದ್ದು ಶನಿವಾರದ ಮಧ್ಯಾಹ್ನ. ಊಟವಾದ ಮೇಲೆ ಪರದೆ ಎಳೆದು ಇಬ್ಬರೂ ಸೋಫಾದ ಮೇಲೆ ಕೂತು ಒಂದು ಎಪಿಸೋಡು ನೋಡುವುದು. ಒಂದೇ, ಅದು ಅವರ ಕಟ್ಟುನಿಟ್ಟು. ನೋಡುತ್ತಿದ್ದ ಸೀರಿಯಲ್ಲುಗಳೆಲ್ಲ ಒಂದೇ ಜಾತಿಯವು. ಸುಂದರನಾದ ಶ್ರೀಮಂತ ಒಬ್ಬಳನ್ನು ಪ್ರೀತಿಸುತ್ತಾನೆ. ಮೊದಲು ಹೂವು ಕಳಿಸುತ್ತಾನೆ, ಆಮೇಲೆ ಅವಳ ಗೆಳತಿಯರನ್ನು ಒಬ್ಬೊಬ್ಬರಾಗಿ ದೂರ ಮಾಡುತ್ತಾನೆ. ಕೊನೆಗೆ ಅವಳ ಬೀಗದ ಕೈಯನ್ನು ತಾನೇ ಬಚ್ಚಿಟ್ಟು, ನಿನಗೆ ಮರೆವು ಜಾಸ್ತಿಯಾಗಿದೆ ಎಂದು ತಲೆ ಸವರುತ್ತಾನೆ. "ಇಷ್ಟೂ ತಿಳಿಯಲ್ವಾ ಈ ದಡ್ಡಿಗೆ!" ಎಂದು ನಾನು ಬೈಯುತ್ತಿದ್ದೆ. ಗಂಡ ಸುಮ್ಮನೆ ನಗುತ್ತಿದ್ದರು.

ಅವರು ಹೇಳಿದ್ದು ಒಂದು ಸಲವೂ ತಪ್ಪುತ್ತಿರಲಿಲ್ಲ. ನನ್ನದು ಬಹುತೇಕ ತಪ್ಪೇ. ಬರಬರುತ್ತ ನಾನು ಊಹಿಸುವುದನ್ನೇ ಬಿಟ್ಟೆ, ಟಿವಿಯ ಮುಂದೆ ಮಾತ್ರವಲ್ಲ. ಪಕ್ಕದ ಮನೆಯಾಕೆ ಯಾಕೆ ಸಿಡುಕಿದಳು, ಕನ್ನಡದ ಹೆಂಗಸರ ಗುಂಪಿನಲ್ಲಿ ಯಾರು ನಂಬಿಕಸ್ಥರು, ಎಲ್ಲಕ್ಕೂ "ನಿಮಗೇನನ್ಸುತ್ತೆ ರೀ?" ಎಂದು ಅವರನ್ನೇ ಕೇಳತೊಡಗಿದೆ.

ಅಷ್ಟರಲ್ಲಿ ಪರ್ಮಿಟ್ಟಿಗೆ ಓಡಾಡುವ ಹುಚ್ಚು ನಿಜವಾಗಿಯೂ ಒಬ್ಬರಿಗೆ ಹಿಡಿಯಿತು. ಎರಡು ರಸ್ತೆ ಆಚೆಯ ಸಣ್ಣ ಶಾಲೆಯ ಹೆಡ್ ಮೇಡಂ ನನ್ನನ್ನು ಎರಡು ಸಲ ಕರೆದು ಮಾತಾಡಿಸಿ, ಕೆಮಿಸ್ಟ್ರಿಗೆ ಬನ್ನಿ, ಪರ್ಮಿಟ್ಟಿನ ಓಡಾಟ ನಮ್ಮದು ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಅದೇ ವಾರ ನಮ್ಮ ಕಾಂಪೌಂಡಿನ ಮಗುವೊಂದರ ಹುಟ್ಟುಹಬ್ಬದಲ್ಲಿ ಗಂಡ ಹೆಡ್ ಮೇಡಂ ಅವರನ್ನು ಹತ್ತು ನಿಮಿಷ ನೋಡಿದರು. ಮನೆಗೆ ಬಂದು ಶೂ ಬಿಚ್ಚುತ್ತ, "ಆಯಮ್ಮ ಬಾಯಿ ಮುಚ್ಕೊಂಡು ನಗ್ತಾಳೆ, ಗಮನಿಸಿದ್ಯಾ? ಒಳಗೊಂದು ಹೊರಗೊಂದು ಇರೋರು ಹಾಗೇ ನಗೋದು. ಒಂದು ಟರ್ಮ್ ದುಡಿಸ್ಕೊಂಡು ಕೈ ಬಿಡ್ತಾಳೆ ನೋಡ್ತಿರು," ಎಂದರು.

ನೋಡ್ತಿರು. ಶನಿವಾರದ ಅದೇ ಮಾತು, ಅದೇ ದನಿ. ಮರುದಿನ ನಾನು ಶಾಲೆಗೆ ಫೋನು ಮಾಡಿ ಆಗುವುದಿಲ್ಲ ಎಂದೆ.

ಆ ಹೆಂಗಸಿನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಅದನ್ನು ಮುಚ್ಚಿಕೊಳ್ಳಲು ಹಾಗೆ ನಗುತ್ತಿದ್ದರು. ಮೊದಲ ಭೇಟಿಯಲ್ಲೇ ನಾನು ಕಂಡಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ನಾನು ಅಂಗೈಯನ್ನೂ ಗಂಡನಿಗೇ ತೋರಿಸಿ ಕೇಳುವ ಮಟ್ಟಕ್ಕೆ ಬಂದಿದ್ದೆ.

ಇದಾಗಿ ನಾಲ್ಕು ತಿಂಗಳಿಗೆ, ಒಂದು ಗುರುವಾರ ಮಧ್ಯಾಹ್ನ, ಬಟ್ಟೆ ಮಡಿಸುವಾಗ ಹಳೆಯ ಸಿನಿಮಾ ಹಾಕೋಣವೆಂದು ಟಿವಿ ಹಚ್ಚಿದೆ. ಸಿನಿಮಾ ಬರಲಿಲ್ಲ. ನಿಮ್ಮ ಖಾತೆಯಲ್ಲಿ ಈಗ ಬೇರೊಂದು ಫೋನಿನಲ್ಲಿ ನೋಡುತ್ತಿದ್ದಾರೆ ಎಂಬ ಸಾಲು ಬಂತು. ನಮ್ಮದು ಅತಿ ಅಗ್ಗದ ಪ್ಲ್ಯಾನು, ಒಮ್ಮೆಗೆ ಒಂದು ಕಡೆ ಮಾತ್ರ ನೋಡಬಹುದು. ಅದೂ ಯಜಮಾನರದೇ ಜುಗ್ಗತನ. ಸಾಲಿನ ಕೆಳಗೆ ಅವರ ಫೋನಿನ ಹೆಸರಿತ್ತು, ಸೀರಿಯಲ್ಲಿನ ಹೆಸರಿತ್ತು, ಎಪಿಸೋಡಿನ ಸಂಖ್ಯೆಯಿತ್ತು. ನಾವು ಶನಿವಾರ ನೋಡಬೇಕಾದ ಎಪಿಸೋಡು. ಪೇಟೆ ನಡುವಿನ ಆಫೀಸಿನಲ್ಲಿ ಊಟದ ಡಬ್ಬಿ ತೆರೆದಿಟ್ಟುಕೊಂಡು ನನ್ನ ಗಂಡ ಭವಿಷ್ಯ ನೋಡುತ್ತಿದ್ದರು. ಡಬ್ಬಿಯಲ್ಲಿದ್ದದ್ದು ನಾನು ಕಲಸಿದ ಚಿತ್ರಾನ್ನ.

ಮೊದಲು ನಗು ಬಂತು. ಆಮೇಲೆ ಬಂದ ಸಿಟ್ಟಿಗೆ ಮಡಿಸಿದ ಬಟ್ಟೆಯನ್ನೆಲ್ಲ ನೆಲಕ್ಕೆ ಎಸೆದೆ. ಆಮೇಲೆ ಎತ್ತಿ ಮಡಿಸಿದವಳೂ ನಾನೇ.

ಶನಿವಾರ ಪರದೆ ಎಳೆದು ಕೂತೆವು. ನಾಯಕಿ ಕಿಟಕಿಯ ಹತ್ತಿರ ಹೋದಳು. "ಕಿಟಕಿ ತೆಗೀತಾಳೆ, ಆದ್ರೆ ಹಾರಲ್ಲ, ನೋಡ್ತಿರು," ಎಂದರು.

"ಗುರುವಾರ ನೀವ್ ನೋಡ್ದಾಗ ಹಾರಿದ್ಲೇನ್ರೀ?" ಎಂದೆ.

ಅವರ ಕೈ ಕಡಲೆಕಾಯಿ ತಟ್ಟೆಯ ಮೇಲೇ ನಿಂತಿತು. ಆಮೇಲೆ ಜೋರಾಗಿ ನಕ್ಕರು. "ಅಯ್ಯೋ, ತಮಾಷೆಗೆ ಕಣೇ! ನಿನ್ ಮುಖ ನೋಡೋಕೆ ಚೆನ್ನಾಗಿರೋದು. ಇಷ್ಟಕ್ಕೆಲ್ಲ ಸೀರಿಯಸ್ ಆಗ್ತಾರಾ?"

"ಹೆಡ್ ಮೇಡಂದು? ಆ ಎಪಿಸೋಡ್ ಎಲ್ಲಿ ನೋಡಿದ್ರಿ?"

"ಅದು ಬೇರೆ. ಅದು ನನಗೆ ಅನ್ಸಿದ್ದು. ಅಲ್ಲದೆ ನಿನಗೂ ಮನಸ್ಸಿರ್ಲಿಲ್ಲ ಬಿಡು. ಇದ್ದಿದ್ರೆ ನನ್ ಮಾತು ಕೇಳ್ತಿದ್ಯಾ?"

ಒಂದು ನಿಮಿಷ, ದೇವರಾಣೆ, ಇರಬಹುದೇನೋ ಎಂದು ನಾನೂ ಯೋಚಿಸಿದೆ. ಈಗಲೂ ಹೊಟ್ಟೆ ಉರಿಯುವುದು ಆ ಒಂದು ನಿಮಿಷಕ್ಕೆ.

ಸೋಮವಾರ ನಡೆದುಕೊಂಡೇ ಶಾಲೆಗೆ ಹೋದೆ. ಹೆಡ್ ಮೇಡಂ 'ಕಾರಿಬು' ಎಂದು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು. ನಾನು ಬೇಡವೆಂದ ಮೇಲೂ ಎರಡು ತಿಂಗಳು ಯಾರನ್ನೂ ತೆಗೆದುಕೊಳ್ಳದೆ ಕಾದಿದ್ದರಂತೆ, ಮನಸ್ಸು ಬದಲಾಯಿಸುತ್ತೇನೇನೋ ಎಂದು. ಈಗ ಬೇರೊಬ್ಬರು ಬಂದಾಗಿತ್ತು. ಹೊರಡುವಾಗ ನನ್ನ ಕೈ ಹಿಡಿದು ನಕ್ಕರು. ಮುರಿದ ಹಲ್ಲು ಪೂರ್ತಿ ಕಂಡಿತು.

ಅವತ್ತು ಸಂಜೆ ಮಗಳಿಗೆ ಹೇಳಲೇಬೇಕು ಅನ್ನಿಸಿತು. ಅವಳಿಗೆ ಹದಿನಾಲ್ಕು. ನಾಳೆ ಯಾರಾದರೂ ನಿನ್ನನ್ನು ನಿನಗಿಂತ ಚೆನ್ನಾಗಿ ಬಲ್ಲೆ ಅಂದರೆ ನಂಬಬೇಡ ಎಂದು ಹೇಳಬೇಕಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದವಳಿಗೆ, "ನಿಮ್ಮಪ್ಪ ಎಪಿಸೋಡೆಲ್ಲ ಮೊದ್ಲೇ ನೋಡ್ಕೊಂಡು ಬರ್ತಿದ್ರು ಕಣೇ," ಎಂದೆ.

"ಐ ನೋ," ಎಂದಳು. ಬೆಳಿಗ್ಗೆ ಶಾಲೆಗೆ ಬಿಡುವಾಗ ಕಾರಿನಲ್ಲಿ ಅಪ್ಪ ಕಥೆಯೆಲ್ಲ ಹೇಳುತ್ತಿದ್ದರಂತೆ, ಅಮ್ಮನಿಗೆ ಹೇಳಬೇಡ ಎಂದು. ಎರಡು ವರ್ಷದಿಂದ. "ಐ ಥಾಟ್ ಯೂ ನ್ಯೂ, ಅಮ್ಮ. ಸುಮ್ನೆ ಅಪ್ಪನ್ನ ಗೆಲ್ಲೋಕೆ ಬಿಡ್ತಿದೀಯ ಅಂತ."

ಹೌದು ಅಂದುಬಿಡಬಹುದಿತ್ತು. ಮಗಳೇ ಕೈಯಾರೆ ಕೊಟ್ಟ ಮರ್ಯಾದೆ, ತೆಗೆದುಕೊಂಡರಾಗಿತ್ತು. ಆದರೆ ಗೆಲ್ಲಲು ಬಿಡುವುದೇ ಹೆಂಡತಿಯ ಕೆಲಸ ಎಂದು ಅವಳು ತಿಳಿದುಕೊಳ್ಳುವುದು ನನಗೆ ಬೇಕಿರಲಿಲ್ಲ.

"ಇಲ್ಲ ಕಂದ. ನಾನು ನಂಬಿದ್ದೆ."

ಅವಳು ಬ್ರೆಡ್ಡು ತಟ್ಟೆಯಲ್ಲಿಟ್ಟು ನನ್ನನ್ನೇ ನೋಡಿದಳು. "ಬಟ್ ವೈ? ಎಂಎಸ್ಸಿ ಮಾಡಿರೋದು ನೀನಲ್ವಾ?"

ಎಂಟು ವರ್ಷ ಪಾಠ ಮಾಡಿದವಳು ನಾನು. ಉತ್ತರ ತಿಳಿಯದಿದ್ದಾಗ ಗೊತ್ತಿಲ್ಲ, ನೋಡಿ ಹೇಳ್ತೀನಿ ಎನ್ನಲು ಮಕ್ಕಳೆದುರು ಯಾವತ್ತೂ ಸಂಕೋಚಪಟ್ಟವಳಲ್ಲ. ಅವತ್ತು ಮಗಳೆದುರು ಗೊತ್ತಿಲ್ಲ ಅಂದೆ. ನೋಡಿ ಹೇಳುತ್ತೇನೆ ಎನ್ನಲು ಬಾಯಿ ಬರಲಿಲ್ಲ.