ಅರಿಶಿನ ಹಚ್ಚಿದ ಇಲಿ

ಮೊನ್ನೆ ಅಟ್ಟ ಗುಡಿಸುವಾಗ ಒಂದು ಉದ್ದನೆಯ ಇಕ್ಕಳ ಸಿಕ್ಕಿತು. ಎರಡೂ ತುದಿಗೆ ಬಟ್ಟೆ ಸುತ್ತಿ ದಾರ ಕಟ್ಟಿದೆ. "ಯಾಕಜ್ಜಿ, ಇಕ್ಕಳಕ್ಕೂ ಗಾಯ ಆಗಿತ್ತಾ?" ಎಂದು ನೀವೆಲ್ಲ ನಕ್ಕಿರಿ. ಎದುರಿಗೆ ಕೂತು ಹೇಳುವುದಕ್ಕಿಂತ ಬರೆಯುವುದೇ ನನಗೆ ಸಲೀಸು. ಆ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಈಗಲೂ ಹಳೇ ಗೋಣಿಚೀಲದ ವಾಸನೆ... ಅಥವಾ ನನಗೆ ಹಾಗೆ ಅನ್ನಿಸಿತೋ ಏನೋ.

ಆಗ ನಾವು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬಾಡಿಗೆಗೆ ಇದ್ದೆವು. ತೊಂಬತ್ತರ ದಶಕದ ಕೊನೆ. ನಿಮ್ಮ ತಾತ ಇದ್ದರು. ಪಕ್ಕದ ಮನೆಯಲ್ಲಿ ಒಬ್ಬ ಟೀಚರಮ್ಮ ಒಂಟಿಯಾಗಿದ್ದರು. ಕುಣಿಗಲ್ ಕಡೆಯವರು, ವಿಜ್ಞಾನ ಪಾಠ ಹೇಳುತ್ತಿದ್ದರು. ಗಟ್ಟಿ ದನಿ, ಗಟ್ಟಿ ನಗು. ನಾನೋ ನಮ್ಮೂರು ಹಾಗಲವಾಡಿಯ ಶಾಲೆಯಲ್ಲೇ ಓದು ಮುಗಿಸಿ ಬಂದವಳು. ಅವರನ್ನು ಕಂಡರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ.

ಅವರ ಶಾಲೆಯ ಹಿಂದೆ ಚರಂಡಿ ಅಗೆಯುವಾಗ ಒಂದು ಕೇರೆಹಾವಿಗೆ ಗುದ್ದಲಿ ತಗುಲಿತು. ಟೀಚರಮ್ಮ ಅದನ್ನು ಕೊಲ್ಲಲು ಬಿಡದೆ, ದನದ ಡಾಕ್ಟರಿಂದ ಹೊಲಿಗೆ ಹಾಕಿಸಿ, ಜಾಲರಿ ಹೊಡೆದ ಪೆಟ್ಟಿಗೆಯಲ್ಲಿಟ್ಟು ಸಾಕತೊಡಗಿದರು. ಕೆಂಚಿ ಎಂದು ಹೆಸರಿಟ್ಟರು. ಮೊದಲು ಜೀವಂತ ಇಲಿ ಬಿಟ್ಟರು. ಅದು ತಿರುಗಿಬಿದ್ದು ಕೆಂಚಿಯ ಹೊಲಿಗೆಯ ಹತ್ತಿರವೇ ಕಚ್ಚಿತು. ಆಮೇಲೆ ಸತ್ತ ಇಲಿಯನ್ನೇ ಕೊಡಬೇಕೆಂದಾಯಿತು. ಕೆಂಚಿ ಸತ್ತದ್ದನ್ನು ತಿರುಗಿಯೂ ನೋಡಲಿಲ್ಲ. ಹೀಗೇ ಬಿಟ್ಟರೆ ಗಾಯ ಮಾಯುವ ಮೊದಲೇ ಹಸಿವಿಗೆ ಸಾಯುತ್ತದೆ ಎಂದು ಟೀಚರಮ್ಮ ಒದ್ದಾಡಿದರು. ಅದರ ಬೆನ್ನುಮೂಳೆ ಆಗಲೇ ಎದ್ದು ಕಾಣುತ್ತಿತ್ತು.

ಊರಿಂದ ತಂದ ರಾಗಿ ಮೂಟೆಗಳು ನಮ್ಮ ಮನೆಯಲ್ಲಿದ್ದವು. ಆದ್ದರಿಂದ ಇಲಿ ಒದಗಿಸುವ ಕೆಲಸ ನನಗೆ ಬಂತು. ಬೋನಿಗೆ ಬಿದ್ದ ಇಲಿಯನ್ನು ಎಲ್ಲರೂ ಮಾಡುವ ಹಾಗೆ ಬೋನಿನ ಸಮೇತ ಬಕೆಟ್ಟಿನಲ್ಲಿ ಮುಳುಗಿಸುತ್ತಿದ್ದೆ. ಇನ್ನೊಬ್ಬರ ಮನೆಗೆ ಕೊಡುವ ವಸ್ತು, ಹಾಗೇ ಕೊಡುವುದು ಹೇಗೆ? ಸೀಗೆಪುಡಿ ಹಾಕಿ ತೊಳೆದು ಬಾಳೆಲೆಯಲ್ಲಿಟ್ಟು ಕೊಡುತ್ತಿದ್ದೆ. ಕೆಂಚಿಯ ಗಾಯ ನಂಜಾಗದಿರಲಿ ಎಂದು ಟೀಚರಮ್ಮ ಆ ಇಲಿಯ ಮೇಲೆ ಅರಿಶಿನ ಸವರುತ್ತಿದ್ದರು. "ಆಯ್ತೇನೇ ನಿನ್ನ ಇಲಿ ನೈವೇದ್ಯ?" ಎಂದು ನಿಮ್ಮ ತಾತ ರೇಗಿಸುತ್ತಿದ್ದರು.

ಬೀದಿಗೆಲ್ಲ ಅದೇ ಮಾತು. ಹಾಲು ಹಾಕುವಾಕೆ ಜಾಲರಿಯೊಳಗೆ ಇಣುಕಿ, "ಒಂದ್ ಬಟ್ಲು ಹಾಲಿಕ್ಕಿ ಟೀಚರೇ, ಕುಡ್ದು ಎದ್ ಕೂತ್ಕೊತದೆ" ಎಂದಳು.

"ನಿನ್ ಹಾಲಾ? ಅದ್ರ ಬದ್ಲು ಬಟ್ಲನ್ನ ನಲ್ಲಿ ಕೆಳಗೇ ಇಡ್ತೀನಿ ಬುಡು" ಎಂದರು ಟೀಚರಮ್ಮ.

ಒಂದು ಭಾನುವಾರ ಬಾಳೆಲೆ ಸಿಗದೆ, ರಾಗಿ ಮೂಟೆಯ ಅಡಿಯಲ್ಲಿದ್ದ ಹರಕು ಗೋಣಿಯಲ್ಲಿ ಇಲಿಯನ್ನು ಸುತ್ತಿ ಒಯ್ದೆ. ಇಲಿಗಳು ಗೂಡು ಮಾಡಿಕೊಂಡಿದ್ದ ಗೋಣಿ ಅದು. ಟೀಚರಮ್ಮ ಇಲಿಗೆ ಅರಿಶಿನ ಹಚ್ಚಿ ಪೆಟ್ಟಿಗೆಯ ಒಂದು ಮೂಲೆಗಿಡುವಾಗ ಗೋಣಿ ಇನ್ನೊಂದು ಮೂಲೆಗೆ ಜಾರಿತು. ಕೆಂಚಿ ತಲೆಯೆತ್ತಿತು. ನಾಲಿಗೆ ಚಾಚುತ್ತಾ ಇಲಿಯನ್ನು ದಾಟಿಹೋಗಿ, ಗೋಣಿಯ ಚುಂಗನ್ನು ಕಚ್ಚಿ ಹಿಡಿಯಿತು!

ಟೀಚರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ನಾವಿಬ್ರೂ ಇಲೀಗೆ ಮದುವಣಗಿತ್ತಿಗೆ ಹಚ್ಚೋ ಹಂಗೆ ಅರಿಶಿನ ಹಚ್ಕೊಂಡ್ ಕೂತಿದೀವಿ, ಇದು ನೋಡಿದ್ರೆ ಗೋಣಿ ತಿನ್ನಕ್ಕೆ ಹೊರಟೈತೆ! ಇಲಿ ವಾಸ್ನೇನೆಲ್ಲ ತೊಳ್ದಾಕಿದೀವಿ ಕಣ್ರೀ!"

ಅವರೆದುರು ಮೊದಲ ಸಲ ನಾನು ಜೋರಾಗಿ ನಕ್ಕೆ. "ತಣ್ಣಗೂ ಇದೆ ಟೀಚರೇ. ತಂಗಳು ಮುದ್ದೆ ಯಾರು ತಿಂತಾರೆ?" ಎಂದೂ ಹೇಳಿಬಿಟ್ಟೆ.

ಮುಂದಿನ ಇಲಿಗೆ ನೀರು ಸೋಕಿಸಲಿಲ್ಲ. ನಿಮ್ಮ ತಾತ ಒಂದೇ ಏಟಿಗೆ ಮುಗಿಸಿಕೊಟ್ಟರು. ಅದನ್ನು ಅದೇ ಗೋಣಿಯಲ್ಲಿ ಸುತ್ತಿ, ಬಚ್ಚಲೊಲೆಯ ಹಂಡೆಯ ಮುಚ್ಚಳದ ಮೇಲೆ ಬೆಚ್ಚಗಾಗುವವರೆಗೆ ಇಟ್ಟೆ. ಕಬ್ಬಿಣ ತಗುಲಿ ಕೆಂಚಿಯ ಬಾಯಿಗೆ ಗಾಯವಾಗದಿರಲೆಂದು ಇಕ್ಕಳಕ್ಕೆ ಬಟ್ಟೆ ಸುತ್ತಿದೆವು. ಟೀಚರಮ್ಮ ಇಲಿಯನ್ನು ಹಿಡಿದು ಬೋರ್ಡು ಒರೆಸುವ ಹಾಗೆ ಬೀಸಿದರು. ಕೆಂಚಿ ಹೆದರಿ ಮೂಲೆ ಸೇರಿತು.

"ಕೊಡಿ ಇಲ್ಲಿ" ಎಂದೆ. ಹೌದು, ನಾನೇ!

ನಮ್ಮ ಮನೆಯ ಇಲಿಗಳ ಓಡಾಟ ನನಗೆ ಗೊತ್ತಿತ್ತು. ಗೋಡೆಯಂಚಿಗೆ ಸ್ವಲ್ಪ ಓಡುತ್ತವೆ, ನಿಲ್ಲುತ್ತವೆ, ಮತ್ತೆ ಓಡುತ್ತವೆ. ಹಾಗೇ ಎಳೆದೆ, ನಿಲ್ಲಿಸಿದೆ, ಎಳೆದೆ... ಟಪ್ಪೆಂದು ಕೆಂಚಿ ಹಿಡಿಯಿತು. ಇಕ್ಕಳ ಸಡಿಲ ಮಾಡಿದೆ. ಇಲಿಯ ಬಾಲದ ತುದಿ ಒಳಗೆ ಹೋಗುವವರೆಗೂ ಇಬ್ಬರೂ ಉಸಿರು ಬಿಡಲಿಲ್ಲ. ಆಮೇಲೆ ಟೀಚರಮ್ಮ ನನ್ನ ಕೈ ಹಿಡಿದು ಕುಲುಕಿದರು. ಅದುವರೆಗೆ ಯಾರೂ ನನ್ನ ಕೈ ಕುಲುಕಿರಲಿಲ್ಲ.

ಅಲ್ಲಿಂದ ಕೆಂಚಿ ಸತ್ತ ಇಲಿಯನ್ನು ತಕರಾರಿಲ್ಲದೆ ತಿಂದಿತು. ಮೈತುಂಬಿಕೊಂಡು ಗಾಯ ಮಾಯ್ದ ಮೇಲೆ ಅದನ್ನು ಹಾಗಲವಾಡಿಯ ನಮ್ಮ ತೋಟದಲ್ಲಿ ಬಿಟ್ಟೆವು. ಹಿಂತಿರುಗಿ ನೋಡದೆ ಹೋಯಿತು. "ಥ್ಯಾಂಕ್ಸ್ ಹೇಳ್ಲಿಲ್ಲ ನೋಡ್ರೀ" ಎಂದು ಟೀಚರಮ್ಮ ನಕ್ಕರು, ಕಣ್ಣು ಮಾತ್ರ...

ಮುಂದೆ ಅವರು ಕುಣಿಗಲ್‌ಗೆ ಹೋದರು, ನಾವು ಶೆಟ್ಟಿಹಳ್ಳಿಗೆ ಬಂದೆವು. ನಿಮ್ಮ ತಾತ ತೀರಿಕೊಂಡಾಗ ಯಾರು ಏನು ಹೇಳಿದರೂ ನಾನು ಊಟ ಮುಟ್ಟಲಿಲ್ಲ. ಸುದ್ದಿ ಕೇಳಿ ಟೀಚರಮ್ಮ ಬಸ್ಸು ಹತ್ತಿ ಬಂದರು. ನೇರ ಅಡುಗೆಮನೆಗೆ ಹೋಗಿ ಮುದ್ದೆ ತಿರುವಿ ತಟ್ಟೆ ತಂದು ಮುಂದಿಟ್ಟರು.

"ತಂಗಳಲ್ಲ ಕಣ್ರೀ. ಮುಟ್ನೋಡಿ, ಬಿಸಿ ಐತೆ."

ತಿಂದೆ.

ಈಗ ಅವರೂ ಇಲ್ಲ. ಸುದ್ದಿ ನನಗೆ ತಡವಾಗಿ ತಿಳಿಯಿತು, ಹೋಗಿ ಮುಖ ನೋಡಲಾಗಲಿಲ್ಲ. ಇಕ್ಕಳವನ್ನು ಮತ್ತೆ ಅಟ್ಟಕ್ಕೆ ಹಾಕಿಲ್ಲ, ನನ್ನ ಕಿಟಕಿಯ ಮೊಳೆಗೆ ನೇತುಹಾಕಿದ್ದೇನೆ. ಬಟ್ಟೆ ಕೊಳೆಯಾಗಿದೆಯೆಂದು ಯಾರೂ ಅದನ್ನು ಒಗೆಯಬೇಡಿ.